ಮಕ್ಕಳನ್ನು ನೀರಿಗೆ ಬಿಡಬಹುದೇ? ಬ್ರಿಟನ್ನಿನ ಕಡಲತೀರಗಳ ಕೊಳಚೆಯ ವಿರುದ್ಧ ನಡೆದ ಹೋರಾಟದ ಕಥೆ

ಕಳೆದ ಜುಲೈ ತಿಂಗಳಲ್ಲಿ ನಮ್ಮ ಬಳಗದ ಹತ್ತಾರು ಕುಟುಂಬಗಳು ಒಟ್ಟಾಗಿ ದಕ್ಷಿಣ ಕರಾವಳಿಯ ಒಂದು ಬೀಚಿಗೆ ಹೋಗಿದ್ದೆವು. ಪುಳಿಯೋಗರೆ, ಮೊಸರನ್ನದ ಡಬ್ಬಿಗಳು ಇನ್ನೂ ಚೀಲದಿಂದ ಹೊರಬಂದಿರಲಿಲ್ಲ; ಮಕ್ಕಳಾಗಲೇ ಬಟ್ಟೆ ಬದಲಿಸಿ ನೀರಿನತ್ತ ಓಡಲು ಕಾಲು ಕೆದರುತ್ತಿದ್ದರು. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ ಒಂದು ಫಲಕವಿತ್ತು. ಈ ತೀರದ ನೀರು ‘ಉತ್ತಮ’ ದರ್ಜೆಯದೆಂದೂ, ಜೋರು ಮಳೆಯಾದ ಬಳಿಕ ನೀರು ತಾತ್ಕಾಲಿಕವಾಗಿ ಮಲಿನಗೊಳ್ಳಬಹುದೆಂದೂ ಅದರಲ್ಲಿ ಬರೆದಿತ್ತು. ಅದನ್ನು ಎರಡು ಸಲ ಓದಿದ ತಾಯಿಯೊಬ್ಬರು ನನ್ನ ಕಡೆ ತಿರುಗಿ, “ಡಾಕ್ಟ್ರೇ, ಮಕ್ಕಳನ್ನ ನೀರಿಗೆ ಬಿಡಬಹುದಾ?” ಎಂದು ಕೇಳಿದರು. ಎರಡು ದಿನಗಳ ಹಿಂದಷ್ಟೇ ರಾತ್ರಿಯಿಡೀ ಮಳೆ ಸುರಿದಿತ್ತು.

ನಾನು ಕೊಟ್ಟ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಆ ಫಲಕ. ಸಮುದ್ರದ ನೀರಿಗೆ ಅಂಕ ಕೊಟ್ಟವರು ಯಾರು, ಯಾವ ಆಧಾರದ ಮೇಲೆ, ಎಂದಿನಿಂದ? ಹುಡುಕುತ್ತ ಹೋದಂತೆ, ಆ ತಾಯಿ ಕೇಳಿದ ಪ್ರಶ್ನೆಯನ್ನೇ ಈ ದೇಶದ ತಂದೆತಾಯಿಗಳು ಸುಮಾರು 70 ವರ್ಷಗಳಿಂದ ಕೇಳುತ್ತ ಬಂದಿದ್ದಾರೆಂದು ತಿಳಿಯಿತು. ಅದಕ್ಕೆ ವೈದ್ಯಶಾಸ್ತ್ರವು ಮೊದಲು ಕೊಟ್ಟ ಉತ್ತರವು ತಪ್ಪಾಗಿತ್ತೆಂಬುದೂ ತಿಳಿಯಿತು. ನಮ್ಮ ವೃತ್ತಿಯ ಪಾಲು ಇದರಲ್ಲಿ ದೊಡ್ಡದಿರುವುದರಿಂದ ಇದನ್ನು ಬರೆಯುವ ಋಣ ನನ್ನ ಮೇಲಿದೆ ಎನಿಸಿತು.

ಜನರನ್ನು ಸಮುದ್ರಕ್ಕೆ ಇಳಿಸಿದವರೇ ವೈದ್ಯರು. 1750ರಲ್ಲಿ ಲೂಯಿಸ್ ಪಟ್ಟಣದ ರಿಚರ್ಡ್ ರಸೆಲ್ ಎಂಬ ವೈದ್ಯರು, ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರು ಮದ್ದೆಂದು ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧ ಬರೆದರು. ಮೀಯುವುದಷ್ಟೇ ಅಲ್ಲ, ಉಪ್ಪುನೀರನ್ನು ಕುಡಿಯಬೇಕೆಂದೂ ಅವರು ವಿಧಿಸುತ್ತಿದ್ದರು. ಸಿರಿವಂತ ರೋಗಿಗಳು ಅವರ ಹಿಂದೆ ಬ್ರೈಟನ್ನಿಗೆ ಬಂದರು. ಮೀನುಗಾರರ ಊರು ವಿಹಾರದ ನಗರವಾಯಿತು. ಪಟ್ನಾ ಮೂಲದ ಶೇಖ್ ದೀನ್ ಮಹಮ್ಮದರು ಅದೇ ಊರಿನಲ್ಲಿ ಸ್ನಾನಗೃಹ ತೆರೆದು, ಭಾರತೀಯ ಅಂಗಮರ್ದನವನ್ನು ಇಂಗ್ಲೆಂಡಿನ ದೊರೆಗೂ ಪರಿಚಯಿಸಿದ್ದು ಈ ಸ್ನಾನದ ಹುಚ್ಚು ಬೆಳೆದಿದ್ದ ಕಾಲದಲ್ಲಿಯೇ. 1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ, 1846ರಲ್ಲಿ ಬ್ಲ್ಯಾಕ್‌ಪೂಲಿಗೆ ರೈಲು ಬಂದ ಮೇಲೆ ಹತ್ತಿಗಿರಣಿಯ ಕೂಲಿಕಾರನೂ ವರ್ಷಕ್ಕೊಮ್ಮೆ ಸಮುದ್ರ ನೋಡುವಂತಾಯಿತು.

ಜನ ಬಂದಂತೆ ಅವರ ಮಲವೂ ಬಂತು. ನೀರು ಸುರಿದು ತೊಳೆಯುವ ಶೌಚಾಲಯಗಳು ಮನೆಮನೆಗೆ ಬಂದ ಮೇಲೆ ಆ ನೀರನ್ನು ಎಲ್ಲಿಗಾದರೂ ಕಳುಹಿಸಲೇಬೇಕಿತ್ತು. ಲಂಡನ್ ನಗರವು 1858ರ ಬೇಸಿಗೆಯ ಮಹಾದುರ್ನಾತದ ನಂತರ ಜೋಸೆಫ್ ಬಜಲ್‌ಗೆಟ್ ಅವರ ನೇತೃತ್ವದಲ್ಲಿ ಒಳಚರಂಡಿಯ ಮಹಾಜಾಲವನ್ನು ಕಟ್ಟಿತು. ಆ ಕೊಳವೆಗಳು ಕೊಳಚೆಯನ್ನು ಶುದ್ಧೀಕರಿಸಲಿಲ್ಲ. ನಗರದ ಕೆಳಗೆ, ಬಾರ್ಕಿಂಗ್ ಮತ್ತು ಕ್ರಾಸ್‌ನೆಸ್ ಎಂಬಲ್ಲಿಗೆ ಸಾಗಿಸಿ ಥೇಮ್ಸ್ ನದಿಗೆ ಬಿಟ್ಟವು, ಅಷ್ಟೆ. 1878ರ ಸೆಪ್ಟೆಂಬರಿನಲ್ಲಿ ‘ಪ್ರಿನ್ಸೆಸ್ ಆಲಿಸ್’ ಎಂಬ ವಿಹಾರದ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತದ್ದು ಅದೇ ಜಾಗದ ಹತ್ತಿರ. ಕೊಳಚೆಯನ್ನು ಹೊಳೆಗೆ ಬಿಟ್ಟು ಹೆಚ್ಚು ಹೊತ್ತಾಗಿರಲಿಲ್ಲ. ಸತ್ತವರೆಲ್ಲರೂ ಬರಿಯ ನೀರಿನಲ್ಲಿ ಮುಳುಗಿ ಸತ್ತರೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಕರಾವಳಿಯ ಪಟ್ಟಣಗಳಿಗೆ ಅಷ್ಟು ತೊಂದರೆಯೂ ಇರಲಿಲ್ಲ. ಇಳಿತದ ಗೆರೆಯನ್ನು ಮುಟ್ಟುವಷ್ಟು ದೂರಕ್ಕೆ ಒಂದು ಕಬ್ಬಿಣದ ಕೊಳವೆ ಹಾಕಿದರೆ ಕೆಲಸ ಮುಗಿಯಿತು. ಉಪ್ಪು, ಬಿಸಿಲು, ಅಲೆ ಮೂರೂ ಸೇರಿ ಎಲ್ಲವನ್ನೂ ಕರಗಿಸುತ್ತವೆ ಎಂಬ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ: ಸೂರ್ಯನ ಬೆಳಕಿಗೆ ಕರುಳಿನ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ. ಆದರೆ ಗಾಳಿ ತೀರದ ಕಡೆಗೆ ಬೀಸಿದ ದಿನ, ಬೆಳಿಗ್ಗೆ ಊರು ಬಿಟ್ಟದ್ದು ಸಂಜೆಯ ಉಬ್ಬರದೊಡನೆ ಊರಿಗೇ ಮರಳುತ್ತಿತ್ತು.

ಇದರ ಅಪಾಯ ಯಾರಿಗೂ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. 1902ರ ನವೆಂಬರಿನಲ್ಲಿ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ನಗರಗಳಲ್ಲಿ ಎರಡು ದೊಡ್ಡ ಔತಣಗಳು ನಡೆದವು. ಎರಡರಲ್ಲಿಯೂ ಬಡಿಸಿದ ಆಯ್‌ಸ್ಟರ್ ಎಂಬ ಕಡಲಸಿಂಪಿಗಳು ಎಮ್ಸ್‌ವರ್ತ್ ಎಂಬ ಸಣ್ಣ ಬಂದರಿನಿಂದ ಬಂದವು. ಕೆಲವು ದಿನಗಳಲ್ಲಿ ಅತಿಥಿಗಳು ಒಬ್ಬೊಬ್ಬರಾಗಿ ಟೈಫಾಯ್ಡ್ ಜ್ವರದಿಂದ ಮಲಗಿದರು; ವಿಂಚೆಸ್ಟರ್ ಮಹಾಇಗರ್ಜಿಯ ಡೀನ್ ಅವರೇ ತೀರಿಕೊಂಡರು. ಸಿಂಪಿ ಬೆಳೆಯುವ ಹಾಸಿನ ಮೇಲೆಯೇ ಊರಿನ ಚರಂಡಿ ಬಂದು ಬೀಳುತ್ತಿತ್ತು. ವ್ಯಾಪಾರ ನೆಲಕಚ್ಚಿದ ಫಾಸ್ಟರ್ ಎಂಬ ಸಿಂಪಿ ವರ್ತಕ ಸ್ಥಳೀಯ ಮಂಡಳಿಯ ಮೇಲೆ ಮೊಕದ್ದಮೆ ಹೂಡಿ 1906ರಲ್ಲಿ ಗೆದ್ದ. ಹೀಗೆ, ಕೊಳಚೆ ಬಿದ್ದ ಸಮುದ್ರದ ನೀರು ತಟ್ಟೆಯ ಮೂಲಕ ಹೊಟ್ಟೆಗಿಳಿದರೆ ಪ್ರಾಣ ತೆಗೆಯಬಲ್ಲುದು ಎಂಬುದನ್ನು ನ್ಯಾಯಾಲಯವೂ ಒಪ್ಪಿತ್ತು. ಅದೇ ನೀರನ್ನು ಈಜುವ ಮಗು ನುಂಗಿದರೆ ಏನಾಗುತ್ತದೆ ಎಂದು ಮಾತ್ರ ಬಹುಕಾಲ ಯಾರೂ ಕ್ರಮವಾಗಿ ಕೇಳಲಿಲ್ಲ.

ಕೇಳುವ ಕಾಲ 1950ರ ದಶಕದಲ್ಲಿ ಬಂತು. ಅದು ಪೋಲಿಯೋ ಕಾಲ. ಬೇಸಿಗೆ ಬಂತೆಂದರೆ ಈಜುಕೊಳಗಳ ಬಾಗಿಲು ಮುಚ್ಚುತ್ತಿತ್ತು, ತಾಯಂದಿರ ಎದೆ ನಡುಗುತ್ತಿತ್ತು. 1957ರಲ್ಲಿ ಟೋನಿ ಮತ್ತು ಡಾಫ್ನಿ ವೇಕ್‌ಫೀಲ್ಡ್ ದಂಪತಿಗಳ ಆರು ವರ್ಷದ ಮಗಳು ಪೋಲಿಯೋದಿಂದ ತೀರಿಕೊಂಡಳು. ಅದಕ್ಕೆ ಸ್ವಲ್ಪ ಮುಂಚೆ ಆಕೆ ಕೊಳಚೆ ಬೀಳುವ ಕಡಲತೀರದಲ್ಲಿ ನೀರಿಗಿಳಿದಿದ್ದಳು. ರೋಗ ಬಂದದ್ದು ಆ ನೀರಿನಿಂದಲೇ ಎಂಬುದು ತಂದೆತಾಯಿಗಳ ದೃಢವಾದ ನಂಬಿಕೆ. ವೈದ್ಯನಾಗಿ ನಾನು ಹೌದೆಂದೂ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಪೋಲಿಯೋ ವೈರಾಣು ಮಲದಲ್ಲಿ ಹೊರಬಂದು ಬಾಯಿಯಿಂದ ಒಳಹೋಗುವಂಥದು. ಆದ್ದರಿಂದ ನೀರಿನ ದಾರಿ ಸಾಧ್ಯ. ಆದರೆ ಆ ದಿನಗಳಲ್ಲಿ ಅದು ಶಾಲೆಯಲ್ಲಿ, ಬೀದಿಯಲ್ಲಿ, ಆಟದ ಬಯಲಿನಲ್ಲಿ ಎಲ್ಲೆಡೆಯೂ ಇತ್ತು.

ಎರಡು ವರ್ಷಗಳ ನಂತರ, 1959ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಗ್ಲೆಂಡ್ ಮತ್ತು ವೇಲ್ಸಿನ ಸ್ನಾನದ ತೀರಗಳ ಕೊಳಚೆಯ ಬಗ್ಗೆ ತನ್ನ 37ನೆಯ ಜ್ಞಾಪನಪತ್ರವನ್ನು ಪ್ರಕಟಿಸಿತು. ಹಲವು ವರ್ಷಗಳ ಶ್ರಮ ಅದರ ಹಿಂದಿತ್ತು. ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದವರು ಹತ್ತಾರು ತೀರಗಳ ನೀರನ್ನು ಪರೀಕ್ಷಿಸಿದ್ದರು. ಪೋಲಿಯೋ ಬಂದ 150 ರೋಗಿಗಳು ಕಾಯಿಲೆಗೆ ಮುಂಚೆ ಸಮುದ್ರಸ್ನಾನ ಮಾಡಿದ್ದರೇ ಎಂದು ವಿಚಾರಿಸಿ, ಅದೇ ವಯಸ್ಸಿನ ಆರೋಗ್ಯವಂತರೊಡನೆ ಹೋಲಿಸಿ ನೋಡಿದ್ದರು. ವ್ಯತ್ಯಾಸ ಕಾಣಲಿಲ್ಲ. ಕರುಳಿನ ಜ್ವರದ ಬೆರಳೆಣಿಕೆಯ ಪ್ರಕರಣಗಳು ಮಾತ್ರ ಬಹಳ ಹೊಲಸಾದ ತೀರಗಳತ್ತ ಬೊಟ್ಟುಮಾಡಿದವು. ಸಮಿತಿಯ ತೀರ್ಮಾನದ ಸಾರ ಇಷ್ಟು: ಕಣ್ಣಿಗೆ ಹೇಸಿಗೆ ಹುಟ್ಟಿಸುವಷ್ಟು ನೀರು ಕೆಟ್ಟಿರದಿದ್ದರೆ, ಅದರಲ್ಲಿ ಮೀಯುವುದರಿಂದ ಆರೋಗ್ಯಕ್ಕೆ ಲೆಕ್ಕಕ್ಕೆ ಬರುವಂಥ ಅಪಾಯವಿಲ್ಲ.

ಈ ವರದಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮುಂದಿನ ಮೂರು ದಶಕ ಸರ್ಕಾರವೂ ಪುರಸಭೆಗಳೂ ಇದನ್ನೇ ಗುರಾಣಿಯಾಗಿ ಹಿಡಿದವು. ಸಮಿತಿಯವರು ಅಪ್ರಾಮಾಣಿಕರಲ್ಲ, ಅಂದಿನ ಮಟ್ಟಕ್ಕೆ ಅವರ ಅಧ್ಯಯನ ಅಚ್ಚುಕಟ್ಟಾದದ್ದೇ. ಆದರೆ ಅವರು ಹುಡುಕಿದ್ದು ದೊಡ್ಡ ರೋಗಗಳನ್ನು: ಪಾರ್ಶ್ವವಾಯು ತರುವ ಪೋಲಿಯೋ, ಟೈಫಾಯ್ಡ್, ಪ್ಯಾರಾಟೈಫಾಯ್ಡ್. ಪೋಲಿಯೋ ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಪಾರ್ಶ್ವವಾಯು ಬರುತ್ತದೆ. ಉಳಿದವರ ಸೋಂಕು ಎಲ್ಲಿಂದ ಬಂತೆಂದು ಕೇಳುವವರಿಲ್ಲ. ಇನ್ನು ಬೀಚಿನಿಂದ ಬಂದ ಮೂರನೆಯ ದಿನ ಕಾಣಿಸಿಕೊಳ್ಳುವ ವಾಂತಿಭೇದಿ, ಕಿವಿನೋವು, ಗಂಟಲು ಕೆರೆತಗಳನ್ನು ಯಾವ ವೈದ್ಯನೂ ಸರ್ಕಾರಕ್ಕೆ ವರದಿ ಮಾಡುವುದಿಲ್ಲ. ರಜೆ ಮುಗಿಸಿ ಬರ್ಮಿಂಗ್‌ಹ್ಯಾಮಿಗೋ ಲೀಡ್ಸಿಗೋ ಮರಳಿದ ಕುಟುಂಬದ ಮಗುವಿಗೆ ಹೊಟ್ಟೆ ಕೆಟ್ಟರೆ, ಅಲ್ಲಿನ ವೈದ್ಯನು ದಾರಿಯಲ್ಲಿ ತಿಂದ ತಿನಿಸನ್ನು ದೂರುತ್ತಾನೆಯೇ ಹೊರತು ನೂರಾರು ಮೈಲಿ ದೂರದ ಚರಂಡಿ ಕೊಳವೆಯನ್ನಲ್ಲ. ಸಾಕ್ಷ್ಯ ಸಿಗದಿದ್ದುದಕ್ಕೆ ಅಪಾಯವಿಲ್ಲದಿದ್ದುದು ಒಂದು ಕಾರಣವಿರಬಹುದು. ಸಾಕ್ಷ್ಯ ಸಿಗುವ ಕಡೆ ಯಾರೂ ನೋಡದಿದ್ದುದು ಇನ್ನೊಂದು. ವರದಿಯನ್ನು ಓದಿದವರು ಎರಡನೆಯದನ್ನು ಮರೆತರು. ಅಂದಿನಿಂದ ಕೊಳಚೆಯು ಆರೋಗ್ಯದ ಪ್ರಶ್ನೆಯಾಗಿ ಉಳಿಯದೆ, ಕಣ್ಣಿಗೆ ಚೆಂದವೋ ಅಲ್ಲವೋ ಎಂಬ ಪ್ರಶ್ನೆಯಾಯಿತು.

ವೇಕ್‌ಫೀಲ್ಡ್ ದಂಪತಿಗಳು ಒಪ್ಪಲಿಲ್ಲ. 1960ರಲ್ಲಿ ‘ಕೋಸ್ಟಲ್ ಆ್ಯಂಟಿ-ಪೊಲ್ಯೂಷನ್ ಲೀಗ್’ ಎಂಬ ಸಂಘವನ್ನು ಕಟ್ಟಿದರು. ಅವರ ಕೈಯಲ್ಲಿ ಪ್ರಯೋಗಾಲಯವಿರಲಿಲ್ಲ, ಹಣವಿರಲಿಲ್ಲ. ಇದ್ದದ್ದು ಬರವಣಿಗೆ ಮತ್ತು ತಾಳ್ಮೆ. ವಿಜ್ಞಾನಿಗಳೊಡನೆ ಅಪಾಯದ ಚರ್ಚೆಗೆ ಇಳಿದು ಸೋಲುವ ಬದಲು ಅವರು ಬೇರೊಂದು ದಾರಿ ಹಿಡಿದರು. ಕರಾವಳಿಯ ಸ್ಥಳೀಯ ಸಂಸ್ಥೆಗಳಿಗೆ ಪತ್ರ ಬರೆದು ಸರಳವಾದ ಸಂಗತಿಗಳನ್ನು ಕೇಳಿದರು: ನಿಮ್ಮ ಊರಿನ ಕೊಳಚೆ ಎಲ್ಲಿಗೆ ಹೋಗುತ್ತದೆ, ಕೊಳವೆ ಎಲ್ಲಿ ಕೊನೆಯಾಗುತ್ತದೆ, ಬಿಡುವ ಮೊದಲು ಶುದ್ಧೀಕರಣ ಏನಾದರೂ ಉಂಟೇ? ಸಿಕ್ಕಿದ ಉತ್ತರಗಳನ್ನು ಒಟ್ಟುಗೂಡಿಸಿ ‘ಗೋಲ್ಡನ್ ಲಿಸ್ಟ್’ ಎಂಬ ಹೆಸರಿನಲ್ಲಿ ಶುಚಿಯಾದ ತೀರಗಳ ಪಟ್ಟಿಯನ್ನು ಅಚ್ಚು ಹಾಕಿಸಿದರು.

ಆ ಪುಟ್ಟ ಪುಸ್ತಕದ ಜಾಣತನ ನನಗೆ ಬಹಳ ಮೆಚ್ಚುಗೆಯಾಯಿತು. ಅದು ಯಾವ ತೀರವನ್ನೂ ಬಯ್ಯಲಿಲ್ಲ, ಒಳ್ಳೆಯದನ್ನು ಮಾತ್ರ ಹೊಗಳಿತು. ಆದರೆ ಪಟ್ಟಿಯಲ್ಲಿ ತಮ್ಮ ಊರಿನ ಹೆಸರಿಲ್ಲದ ವಸತಿಗೃಹದವರು ಪುರಸಭೆಯ ಬಾಗಿಲು ಬಡಿಯತೊಡಗಿದರು. ಬ್ಯಾಕ್ಟೀರಿಯಾ ಮಾಡಲಾರದ ಕೆಲಸವನ್ನು ಪ್ರವಾಸಿಗಳ ದುಡ್ಡು ಮಾಡುತ್ತದೆಂದು ಆ ದಂಪತಿಗಳು ತಿಳಿದಿದ್ದರು. 1980ರ ದಶಕದಲ್ಲಿ ಈ ಕೆಲಸ ‘ಮರೈನ್ ಕನ್ಸರ್ವೇಷನ್ ಸೊಸೈಟಿ’ಯ ಕೈಗೆ ಹೋಗಿ, ಒಳ್ಳೆಯ ಬೀಚುಗಳ ಕೈಪಿಡಿಯಾಗಿ ಮುಂದುವರಿಯಿತು.

ಈ ನಡುವೆ ಬ್ರಿಟನ್ ಯುರೋಪಿನ ಸಮುದಾಯ ಸೇರಿತ್ತು. 1975ರ ಡಿಸೆಂಬರಿನಲ್ಲಿ ಆ ಸಮುದಾಯವು ಸ್ನಾನದ ನೀರಿನ ಗುಣಮಟ್ಟಕ್ಕೆ ಒಂದು ನಿರ್ದೇಶನ ಹೊರಡಿಸಿತು: 100 ಮಿಲಿಲೀಟರ್ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಸಂಖ್ಯೆ 2000 ಮೀರಬಾರದು, ಹತ್ತು ವರ್ಷದೊಳಗೆ ಎಲ್ಲ ಸ್ನಾನದ ತೀರಗಳೂ ಇದನ್ನು ಮುಟ್ಟಬೇಕು. ಹಾಗಾದರೆ ಸ್ನಾನದ ತೀರವೆಂದರೇನು? ಹೆಚ್ಚಿನ ಸಂಖ್ಯೆಯ ಜನ ವಾಡಿಕೆಯಾಗಿ ಮೀಯುವ ಜಾಗ ಎಂದಿತ್ತು ನಿರ್ದೇಶನ. ಬ್ರಿಟಿಷ್ ಸರ್ಕಾರ ಆ ‘ಹೆಚ್ಚಿನ ಸಂಖ್ಯೆ’ಯನ್ನೇ ಹಿಡಿದುಕೊಂಡಿತು. ಒಂದೇ ಸಮಯದಲ್ಲಿ ಕನಿಷ್ಠ 500 ಜನ ನೀರಿನೊಳಗೆ ಇರಬೇಕು ಎಂಬಂಥ ನಿಯಮಗಳನ್ನು ಮಾಡಿ ತಲೆ ಎಣಿಸಿತು. ಉತ್ತರ ಸಮುದ್ರದ ಚಳಿಯಲ್ಲಿ ಎಷ್ಟು ಜನ ಒಟ್ಟಿಗೆ ನೀರಿನಲ್ಲಿ ನಿಂತಾರು? ಸುತ್ತಲೂ ಸಮುದ್ರವಿರುವ ಈ ದ್ವೀಪದೇಶಕ್ಕೆ ಸ್ನಾನದ ತೀರಗಳು 27 ಮಾತ್ರ ಎಂದು 1979ರಲ್ಲಿ ಘೋಷಣೆಯಾಯಿತು. ಅದರಲ್ಲಿ ಬ್ಲ್ಯಾಕ್‌ಪೂಲ್ ಇಲ್ಲ, ಬ್ರೈಟನ್ ಇಲ್ಲ! ಸಮುದ್ರವೇ ಇಲ್ಲದ ಲಕ್ಸೆಂಬರ್ಗ್ ದೇಶವು ತನ್ನ ಹೊಳೆ ಸರೋವರಗಳಿಂದಲೇ ಇದಕ್ಕಿಂತ ಉದ್ದದ ಪಟ್ಟಿಯನ್ನು ಕೊಟ್ಟಿತ್ತು.

ಲೆಕ್ಕಪತ್ರದಲ್ಲಿ ಹೀಗೆ ಮಾಯವಾದ ಬೀಚುಗಳನ್ನು ಕಂಡು ಜನ ನಕ್ಕರು. ಪರಿಸರ ಮಾಲಿನ್ಯದ ರಾಯಲ್ ಆಯೋಗವು 1984ರ ತನ್ನ ವರದಿಯಲ್ಲಿ ಈ ಧೋರಣೆಯನ್ನು ಟೀಕಿಸಿತು. ಯುರೋಪಿನ ಒತ್ತಡವೂ ಸೇರಿ, 1987ರ ಹೊತ್ತಿಗೆ ಪಟ್ಟಿ ಸುಮಾರು 390 ತೀರಗಳಿಗೆ ಬೆಳೆಯಿತು. ಪಟ್ಟಿಗೆ ಸೇರಿದ ಮೇಲೆ ಪರೀಕ್ಷೆ ನಡೆಯಲೇಬೇಕು. ಪರೀಕ್ಷೆ ನಡೆದ ಮೇಲೆ ನಪಾಸಾದವರ ಹೆಸರು ಹೊರಬರಲೇಬೇಕು. ಕೊನೆಗೆ ಬ್ಲ್ಯಾಕ್‌ಪೂಲ್ ಮತ್ತು ಸೌತ್‌ಪೋರ್ಟ್ ತೀರಗಳ ವಿಚಾರವಾಗಿ 1993ರ ಜುಲೈ 14ರಂದು ಯುರೋಪಿಯನ್ ನ್ಯಾಯಾಲಯವು ಬ್ರಿಟನ್ನಿನ ವಿರುದ್ಧ ತೀರ್ಪು ಕೊಟ್ಟಿತು. ಕೈಲಾದುದನ್ನೆಲ್ಲ ಮಾಡಿದ್ದೇವೆ ಎಂಬ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಮಾಡಿದ ಪ್ರಯತ್ನ ಸಾಲದು, ನೀರು ಶುಚಿಯಾಗಿರಬೇಕು ಎಂಬುದೇ ಅದರ ತಾತ್ಪರ್ಯ.

ಹೊಸ ತಲೆಮಾರು ಬೀದಿಗಿಳಿದದ್ದು ಈ ಕಾಲದಲ್ಲಿಯೇ. 1990ರ ಮೇ ತಿಂಗಳಲ್ಲಿ ಕಾರ್ನ್‌ವಾಲಿನ ಉತ್ತರ ತೀರದ ಸೇಂಟ್ ಆಗ್ನೆಸ್ ಎಂಬ ಹಳ್ಳಿಯ ಸಭಾಂಗಣದಲ್ಲಿ, ಅಲೆಯ ಮೇಲೆ ಹಲಗೆ ಹಾಯಿಸುವ ಸರ್ಫಿಂಗ್ ಹುಡುಗ ಹುಡುಗಿಯರು ಸೇರಿ ‘ಸರ್ಫರ್ಸ್ ಅಗೇನ್ಸ್ಟ್ ಸ್ಯೂವೇಜ್’ ಎಂಬ ಸಂಘ ಆರಂಭಿಸಿದರು. ಸರ್ಫರುಗಳು ಈ ವಿಷಯದಲ್ಲಿ ಅನುಭವಸ್ಥರು. ರಬ್ಬರಿನ ಉಡುಪು ಬಂದ ಮೇಲೆ ಅವರು ಚಳಿಗಾಲದಲ್ಲಿಯೂ ಗಂಟೆಗಟ್ಟಲೆ ನೀರಿನಲ್ಲಿರುತ್ತಾರೆ, ಮತ್ತೆ ಮತ್ತೆ ಮುಳುಗುತ್ತಾರೆ, ನೀರು ನುಂಗುತ್ತಾರೆ. ಕಿವಿ, ಗಂಟಲು, ಹೊಟ್ಟೆಯ ಕಾಯಿಲೆ ಅವರ ಪಾಲಿಗೆ ವಾದದ ವಿಷಯವಾಗಿರಲಿಲ್ಲ. ವೇಕ್‌ಫೀಲ್ಡರ ಸೌಮ್ಯ ಪತ್ರಗಳ ದಾರಿ ಇವರದಲ್ಲ. ಮುಖಕ್ಕೆ ಅನಿಲ ಮುಖವಾಡ, ಮೈಗೆ ಈಜುಡುಪು, ಕಂಕುಳಲ್ಲಿ ಹಲಗೆ, ಜತೆಗೆ ಗಾಳಿ ತುಂಬಿದ ಆಳೆತ್ತರದ ಮಲದ ಗೊಂಬೆ! ಈ ವೇಷದಲ್ಲಿ ಅವರು ಸಂಸತ್ತಿನ ಮುಂದೆಯೂ ನೀರಿನ ಕಂಪನಿಗಳ ವಾರ್ಷಿಕ ಸಭೆಗಳ ಬಾಗಿಲಿಗೂ ಹೋಗಿ ನಿಂತರು. ಪತ್ರಿಕೆಗಳಿಗೆ ಇಂಥ ಚಿತ್ರ ಬೇಕಲ್ಲವೇ! ನಗುವಿನ ಹಿಂದೆ ಓದೂ ಇತ್ತು. ಸಂಸದೀಯ ಸಮಿತಿಗಳ ಮುಂದೆ ಕುಳಿತು ಶುದ್ಧೀಕರಣದ ತಂತ್ರಜ್ಞಾನವನ್ನು ಅಂಕಿಸಂಖ್ಯೆಗಳೊಡನೆ ವಾದಿಸಬಲ್ಲವರು ಅವರಲ್ಲಿದ್ದರು.

ಹಿಂದಿನ ವರ್ಷವಷ್ಟೇ, 1989ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸಿನ ನೀರಿನ ವ್ಯವಸ್ಥೆ ಖಾಸಗಿ ಕಂಪನಿಗಳ ಪಾಲಾಗಿತ್ತು. ಅಲ್ಲಿಯವರೆಗಿನ ಸರ್ಕಾರಿ ಯೋಜನೆ ಉದ್ದನೆಯ ಕೊಳವೆ ಹಾಕುವುದು, ಅಂದರೆ ಅದೇ ಹೊಲಸನ್ನು ಇನ್ನಷ್ಟು ದೂರ ಬಿಡುವುದು. 1990ರ ಮಾರ್ಚಿನಲ್ಲಿ ಪರಿಸರ ಸಚಿವ ಕ್ರಿಸ್ ಪ್ಯಾಟನ್ ಅವರು ಸಮುದ್ರಕ್ಕೆ ಬಿಡುವ ಗಣನೀಯ ಪ್ರಮಾಣದ ಕೊಳಚೆಯನ್ನೆಲ್ಲ ಶುದ್ಧೀಕರಿಸಿಯೇ ಬಿಡಲಾಗುವುದೆಂದೂ, ಹಡಗಿನಲ್ಲಿ ರಾಡಿಯನ್ನು ಒಯ್ದು ಸುರಿಯುವ ಪದ್ಧತಿಯನ್ನು 1998ರೊಳಗೆ ನಿಲ್ಲಿಸಲಾಗುವುದೆಂದೂ ಘೋಷಿಸಿದರು. 1991ರಲ್ಲಿ ನಗರಗಳ ಕೊಳಚೆಯ ಬಗ್ಗೆ ಯುರೋಪಿನ ಇನ್ನೊಂದು ನಿರ್ದೇಶನ ಬಂದು ಇದಕ್ಕೆ ಕಾನೂನಿನ ಬಿಗಿ ಕೊಟ್ಟಿತು.

ಇಷ್ಟಾದರೂ ಮೂಲ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ: ಈ ನೀರಿನಿಂದ ಕಾಯಿಲೆ ಬರುತ್ತದೆಯೇ? ಉತ್ತರ ಸಿಕ್ಕಿದ ಬಗೆ ವೈದ್ಯನಾದ ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. 1989ರಿಂದ 1992ರವರೆಗೆ, ವರ್ಷಕ್ಕೊಂದು ತೀರದಂತೆ, ಲ್ಯಾಂಗ್ಲೆಂಡ್ ಕೊಲ್ಲಿ, ಮೋರ್ಟನ್, ಸೌತ್‌ಸೀ ಮತ್ತು ಸೌತೆಂಡ್ ಎಂಬಲ್ಲಿ ಡೇವಿಡ್ ಕೇ, ಜೇ ಫ್ಲೈಶರ್ ಮೊದಲಾದವರು ಒಂದು ಪ್ರಯೋಗ ನಡೆಸಿದರು. ಹೊಸ ಔಷಧಿಯನ್ನು ಪರೀಕ್ಷಿಸುವ ರೀತಿಯಲ್ಲಿಯೇ ಸಮುದ್ರವನ್ನು ಪರೀಕ್ಷಿಸಿದರು. ಒಪ್ಪಿ ಬಂದ 1,216 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ನೀರಿಗಿಳಿದು ಕನಿಷ್ಠ ಹತ್ತು ನಿಮಿಷವಿದ್ದು ಮೂರು ಸಲ ತಲೆ ಮುಳುಗಿಸಬೇಕು. ಇನ್ನೊಂದು ಗುಂಪು ದಡದಲ್ಲಿಯೇ ಕೂರಬೇಕು. ಮಿಂದವರು ನಿಂತ ಜಾಗದ ನೀರನ್ನೇ ಆಗಾಗ ಶೇಖರಿಸಿ, ಮುಂದಿನ ವಾರಗಳಲ್ಲಿ ಯಾರಿಗೆ ಏನಾಯಿತೆಂದು ವಿಚಾರಿಸಿದರು. ಮುಖ್ಯ ಸಂಗತಿ ಏನೆಂದರೆ, ಈ ನಾಲ್ಕೂ ತೀರಗಳು ಅಂದಿನ ಕಡ್ಡಾಯ ಮಾನದಂಡದ ಪ್ರಕಾರ ಪಾಸಾದವುಗಳೇ.

1994ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎದೆಮಟ್ಟದ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳ ಸಂಖ್ಯೆ 32 ದಾಟಿದಾಗ ಮಿಂದವರಲ್ಲಿ ವಾಂತಿಭೇದಿ ಹೆಚ್ಚುತ್ತಿತ್ತು. ಸಂಖ್ಯೆ ಏರಿದಂತೆ ಕಾಯಿಲೆಯೂ ಏರುತ್ತಿತ್ತು. ಕಾನೂನು ಎಣಿಸುತ್ತಿದ್ದ ಕೋಲಿಫಾರ್ಮ್‌ಗಳಿಗೂ ಕಾಯಿಲೆಗೂ ಅಂಥ ಸಂಬಂಧ ಕಾಣಲಿಲ್ಲ. ಎಂದರೆ, ಇಪ್ಪತ್ತು ವರ್ಷದಿಂದ ಎಣಿಸುತ್ತಿದ್ದದ್ದೇ ಬೇರೆ, ಜನರನ್ನು ಕಾಡುತ್ತಿದ್ದ ಅಪಾಯವನ್ನು ತೋರಿಸುವ ಅಳತೆಯೇ ಬೇರೆ! ಕಣ್ಣಿಗೆ ತಿಳಿಯಾಗಿ ಕಂಡ, ಸರ್ಕಾರ ಒಪ್ಪಿದ ನೀರು ಹೊಟ್ಟೆ ಕೆಡಿಸಬಲ್ಲುದು ಎಂಬುದು 1959ರ ವರದಿಗೆ 35 ವರ್ಷಗಳ ತರುವಾಯ ಸಿಕ್ಕಿದ ಉತ್ತರ. ವಿಶ್ವ ಆರೋಗ್ಯ ಸಂಸ್ಥೆ 2003ರ ತನ್ನ ಮಾರ್ಗಸೂಚಿಗೆ ಈ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡಿತು. 2006ರಲ್ಲಿ ಬದಲಾದ ಯುರೋಪಿನ ನಿರ್ದೇಶನದಲ್ಲಿ, ಈಗ ಎಂಟೆರೊಕಾಕಸ್ ಎಂದು ಕರೆಸಿಕೊಳ್ಳುವ ಈ ಬ್ಯಾಕ್ಟೀರಿಯಾಗಳೂ ಇ. ಕೋಲಿಯೂ ಅಳತೆಗೋಲಾದವು. ಕಾರು ನಿಲ್ಲಿಸುವ ಜಾಗದ ಆ ಫಲಕದಲ್ಲಿದ್ದ ‘ಉತ್ತಮ’ ಎಂಬ ಶಬ್ದದ ವಂಶಾವಳಿ ಇದು.

ಒಂದು ಮಾತು ಸೇರಿಸಬೇಕು. ಪ್ರಯೋಗದಲ್ಲಿ ಮಕ್ಕಳಿರಲಿಲ್ಲ, ಗೊತ್ತಿದ್ದೂ ಗೊತ್ತಿದ್ದೂ ಮಗುವನ್ನು ಅಂಥ ನೀರಿಗೆ ಇಳಿಸಲು ಯಾವ ನೈತಿಕ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಹೊತ್ತು ನೀರಿನಲ್ಲಿರುತ್ತಾರೆ, ಹೆಚ್ಚು ನುಂಗುತ್ತಾರೆ, ಮರಳು ಮೆತ್ತಿದ ಕೈಯನ್ನು ಬಾಯಿಗಿಡುತ್ತಾರೆ. ಆರೋಗ್ಯವಂತ ವಯಸ್ಕರಿಂದ ಪಡೆದ ಸಂಖ್ಯೆಯನ್ನು ನಮ್ಮ ಆರು ವರ್ಷದ ಮಗುವಿಗೆ ಅನ್ವಯಿಸುವಾಗ ಈ ಅಂತರ ನೆನಪಿರಲಿ.

ಶುದ್ಧೀಕರಣ ಘಟಕಗಳು ಎದ್ದವು; 1990ರ ದಶಕದ ಕೊನೆಗೆ ತೀರಗಳು ಎದ್ದು ಕಾಣುವಷ್ಟು ಶುಚಿಯಾದವು. ಖರ್ಚು ಬಿದ್ದದ್ದು ಯಾರ ತಲೆಯ ಮೇಲೆ? ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ದೇಶದ ಸುಮಾರು ಶೇಕಡ 3ರಷ್ಟು ಜನ ವಾಸಿಸುತ್ತಾರೆ, ಆದರೆ ಸ್ನಾನದ ತೀರಗಳಲ್ಲಿ ಶೇಕಡ 30ರಷ್ಟು ಅಲ್ಲಿವೆ. ಲಂಡನ್ನಿನವರು ಬಂದು ಮೀಯುವ ಸಮುದ್ರವನ್ನು ತೊಳೆಯುವ ಹಣವನ್ನು ಕಾರ್ನ್‌ವಾಲಿನ ವಿಧವೆಯ ನೀರಿನ ಬಿಲ್ಲು ಭರಿಸಿತು. ದೇಶದಲ್ಲೇ ಅತಿ ದುಬಾರಿಯಾದ ಆ ಬಿಲ್ಲುಗಳಿಗೆ ಸರ್ಕಾರ ವರ್ಷಕ್ಕೆ 50 ಪೌಂಡ್ ನೆರವು ಕೊಡಲು ತೊಡಗಿದ್ದು 2013ರಲ್ಲಿ. ಪರಿಸರದ ಗೆಲುವಿನ ಕಥೆಗಳಲ್ಲಿ ಈ ಪುಟವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನು ಮಳೆಯ ವಿಚಾರ. ಇಲ್ಲಿನ ಹಳೆಯ ಊರುಗಳಲ್ಲಿ ಮಳೆನೀರೂ ಶೌಚದ ನೀರೂ ಹರಿಯುವುದು ಒಂದೇ ಕೊಳವೆಯಲ್ಲಿ. ಜೋರು ಮಳೆಗೆ ಕೊಳವೆ ತುಂಬಿದರೆ, ಮನೆಗಳೊಳಕ್ಕೆ ಉಕ್ಕದಂತೆ ಹೊಳೆಗೋ ಸಮುದ್ರಕ್ಕೋ ನೇರ ಹರಿಯಬಿಡುವ ತೂಬುಗಳಿವೆ. ಅಪರೂಪಕ್ಕೆ ತೆರೆಯಬೇಕಾದ ಬಾಗಿಲು ಅವು. ಎಷ್ಟು ಸಲ ತೆರೆಯುತ್ತವೆ ಎಂದು ಅಳೆಯುವ ಉಪಕರಣಗಳು ಇಂಗ್ಲೆಂಡಿನ ಎಲ್ಲ ತೂಬುಗಳಿಗೂ ಬಂದದ್ದು 2023ರ ಕೊನೆಗೆ. ಆ ಒಂದು ವರ್ಷದ ಲೆಕ್ಕ: 4,64,056 ಸಲ, ಒಟ್ಟು 36 ಲಕ್ಷ ಗಂಟೆಗಳಿಗೂ ಹೆಚ್ಚು. ಅದಕ್ಕೂ ಮೊದಲು, 2021ರ ಜುಲೈನಲ್ಲಿ ಸದರ್ನ್ ವಾಟರ್ ಕಂಪನಿಗೆ ನ್ಯಾಯಾಲಯವು 9 ಕೋಟಿ ಪೌಂಡ್ ದಂಡ ವಿಧಿಸಿತ್ತು. ಹ್ಯಾಂಪ್‌ಶೈರ್, ಕೆಂಟ್, ಸಸೆಕ್ಸ್ ಪ್ರಾಂತಗಳ 17 ಘಟಕಗಳಿಂದ 2010ರಿಂದ 2015ರವರೆಗೆ ಸಾವಿರಾರು ಸಲ ಕಾನೂನುಬಾಹಿರವಾಗಿ ಕೊಳಚೆ ಬಿಟ್ಟದ್ದನ್ನು ಕಂಪನಿಯೇ ಒಪ್ಪಿಕೊಂಡಿತ್ತು. ಸಿಂಪಿ ಬೆಳೆಯುವ ನೀರೂ ಅದರಲ್ಲಿ ಸೇರಿತ್ತೆಂಬುದನ್ನು ಓದಿದಾಗ ನನಗೆ ವಿಂಚೆಸ್ಟರಿನ ಔತಣ ನೆನಪಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪರಿಸರ ಮಸೂದೆಗೆ ಸಂಸತ್ತಿನ ಮೇಲ್ಮನೆ ಸೂಚಿಸಿದ ತಿದ್ದುಪಡಿಯನ್ನು ಕೆಳಮನೆ ತಳ್ಳಿಹಾಕಿದಾಗ ದೇಶದಾದ್ಯಂತ ಎದ್ದ ಸಿಟ್ಟು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸರ್ಕಾರ ಅರ್ಧ ಹೆಜ್ಜೆ ಹಿಂದಿಟ್ಟು, ಕೊಳಚೆಯನ್ನು ಹಂತಹಂತವಾಗಿ ಕಡಿಮೆಮಾಡುವ ಕರ್ತವ್ಯವನ್ನು ಕಂಪನಿಗಳ ಮೇಲೆ ಹೊರಿಸಿತು. ಸರ್ಫರುಗಳ ಸಂಘ ಇಂದಿಗೂ ಹಲಗೆ ಹಿಡಿದು ನೀರಿಗಿಳಿಯುತ್ತಲೇ ಇದೆ. ಯಾವ ತೀರದ ತೂಬು ಎಂದು ತೆರೆಯಿತೆಂದು ಫೋನಿನಲ್ಲಿಯೇ ತಿಳಿಸುವ ಸೇವೆಯನ್ನೂ ನಡೆಸುತ್ತಿದೆ.

ನಮ್ಮ ಊರಿನ ನೆನಪೂ ಇಲ್ಲಿ ಬರುತ್ತದೆ. 1985ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1987ರಲ್ಲಿ ಯುರೋಪಿಗೆಲ್ಲ ಹಬ್ಬಿದ ‘ಬ್ಲೂ ಫ್ಲ್ಯಾಗ್’ ಎಂಬ ನೀಲಿ ಬಾವುಟದ ಮನ್ನಣೆ 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ತೀರಗಳಿಗೆ ಸಿಕ್ಕಿತು. ಅವುಗಳಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯೂ ಹೊನ್ನಾವರದ ಬಳಿಯ ಕಾಸರಕೋಡೂ ಸೇರಿವೆ. ಆ ಬಾವುಟ ಹಾರಬೇಕಾದರೆ 100 ಮಿಲಿಲೀಟರ್ ಸಮುದ್ರದ ನೀರಿನಲ್ಲಿ ಎಂಟೆರೊಕಾಕಸ್‌ಗಳು 100 ಮೀರುವಂತಿಲ್ಲ, ಇ. ಕೋಲಿ 250 ಮೀರುವಂತಿಲ್ಲ. ಸೌತೆಂಡಿನ ತಣ್ಣೀರಿನಲ್ಲಿ ಮೂರು ಸಲ ತಲೆ ಮುಳುಗಿಸಿದ ಅಪರಿಚಿತರ ಹೊಟ್ಟೆನೋವಿನಿಂದ ಮಹತ್ವ ಪಡೆದ ಅಳತೆ ಈಗ ಪಡುಬಿದ್ರಿಯ ಅಲೆಗಳಿಗೂ ಅನ್ವಯಿಸುತ್ತಿದೆ. ಊರಿಗೆ ಹೋದಾಗ ಮಕ್ಕಳಿಗೆ ಆ ಬಾವುಟ ತೋರಿಸಿ ಈ ಕಥೆ ಹೇಳಬಹುದು.

ಅಂದ ಹಾಗೆ, ಜುಲೈ ತಿಂಗಳ ಆ ದಿನ ನಾನು ಕೊಟ್ಟ ಉತ್ತರ: “ಇವತ್ತು ಬೇಡಮ್ಮ.” ಫೋನಿನಲ್ಲಿ ನೋಡಿದಾಗ ಹಿಂದಿನ ದಿನ ನಸುಕಿನವರೆಗೂ ಪಕ್ಕದ ತೂಬು ತೆರೆದಿತ್ತೆಂದು ತೋರಿಸುತ್ತಿತ್ತು. ಜೋರು ಮಳೆಯ ನಂತರ ಎರಡು ದಿನವಾದರೂ ಕಾಯುವುದು ಒಳ್ಳೆಯದು. ನಮಗಿನ್ನೂ ಎರಡು ದಿನ ತುಂಬಿರಲಿಲ್ಲ. ಮಕ್ಕಳು ಮುಖ ಊದಿಸಿಕೊಂಡು ಮರಳಿನಲ್ಲಿ ಕೋಟೆ ಕಟ್ಟಿದರು, ಊಟಕ್ಕೆ ಮೊದಲು ಎಲ್ಲರ ಕೈಯನ್ನೂ ಸೋಪಿನಿಂದ ತೊಳೆಸಿದೆವು. ಮುಂದಿನ ವಾರವಿಡೀ ಬಿಸಿಲಿತ್ತು. ಭಾನುವಾರ ಮತ್ತೆ ಅಲ್ಲಿಗೇ ಹೋದೆವು. ಸಂಜೆ ಆರಾದರೂ ಯಾರೂ ನೀರಿನಿಂದ ಮೇಲೆ ಬರಲಿಲ್ಲ.